ಮೊದಲು ಬರೆದಿಡಿ, ಆಮೇಲೆ ಮುಟ್ಟಿ

ಮೂವತ್ತೊಂದು ವರ್ಷ ವಸ್ತುಸಂಗ್ರಹಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಬೆಳಿಗ್ಗೆ ರಂಗನಾಥಸ್ವಾಮಿ ದೇವಸ್ಥಾನದ ಗಂಟೆ ಕೇಳುತ್ತೆ, ಅದರ ಹಿಂದೆಯೇ ಮೈಸೂರು ಕಡೆ ಹೋಗುವ ರೈಲಿನ ಸದ್ದು. ಈ ಊರಲ್ಲಿ ಹಳೇದು ಅನ್ನೋದು ಗಾಜಿನ ಪೆಟ್ಟಿಗೆಯೊಳಗೆ ಮಾತ್ರ ಇಲ್ಲ. ಮನೆಯ ಗೋಡೆಯಲ್ಲಿದೆ, ಗದ್ದೆ ಬದುವಿನಲ್ಲಿದೆ, ಅಟ್ಟದ ಮೇಲಿದೆ. ನಿಮ್ಮ ಪತ್ರಗಳೂ ಈ ಸಲ ಅಲ್ಲಿಂದಲೇ ಬಂದಿವೆ. ಕೆಲವಕ್ಕೆ ಉದ್ದ ಉತ್ತರ ಬೇಕಿತ್ತು, ಕೆಲವಕ್ಕೆ ಎರಡು ಮಾತು ಸಾಕಿತ್ತು.

ಪ್ರಶ್ನೆ: ಅಮ್ಮಾ, ನಮ್ಮದು ತಾತನ ಕಾಲದ ತೊಟ್ಟಿಮನೆ. ನಡುಮನೆಯ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗಿ ಗಾರೆ ಉದುರುತ್ತಿದೆ. ಹಳೇ ಗಾರೆ ಕಿತ್ತು ಸಿಮೆಂಟ್ ಹೊಡೆದರೆ ಮತ್ತೆ ಚಿಂತೆಯೇ ಇಲ್ಲ ಅಂತಾರೆ ಮೇಸ್ತ್ರಿ. ಒಪ್ಪಿಕೊಳ್ಳಲಾ?
(ಗಂಜಾಂನ ಓದುಗರು)

ದಯವಿಟ್ಟು ಒಪ್ಪಬೇಡಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಮಾವನವರು ಮಲಗುತ್ತಿದ್ದ ಕೋಣೆಗೆ ಹೀಗೇ ಸಿಮೆಂಟ್ ಹೊಡೆಸಿದ್ದೆವು. ಮೊದಲ ವರ್ಷ ಗೋಡೆ ಕನ್ನಡಿ ಹಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೊಂಟದವರೆಗೆ ಇದ್ದ ತೇವ ಭುಜದವರೆಗೆ ಹತ್ತಿತು. ಪಕ್ಕದ ಬಾಗಿಲುವಾಡದ ಬುಡ ಕೊಳೆತುಹೋಯಿತು. ಬೆರಳಲ್ಲಿ ಒತ್ತಿದರೆ ತೇಗದ ಮರ ಒದ್ದೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಆ ಬಾಗಿಲುವಾಡಕ್ಕೆ ನಮ್ಮತ್ತೆ ಐವತ್ತು ವರ್ಷ ಅರಿಶಿನ ಕುಂಕುಮ ಹಚ್ಚಿದ್ದರು.

ಹೀಗೆ ಯಾಕಾಗುತ್ತೆ ಅಂದರೆ, ಹಳೇ ಮನೆಗಳ ಅಡಿಪಾಯಕ್ಕೆ ತೇವ ತಡೆಯುವ ಪದರ ಇರೋದಿಲ್ಲ. ನೆಲದ ನೀರು ಇಟ್ಟಿಗೆಯೊಳಗೆ ನಿಧಾನವಾಗಿ ಮೇಲೆ ಹತ್ತುತ್ತಲೇ ಇರುತ್ತೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರ ಜಾಸ್ತಿ, ಹಾಗಾಗಿ ಆ ನೀರು ಗೋಡೆಯ ಮೈಯಿಂದ ಗಾಳಿಗೆ ಆರಿಹೋಗುತ್ತೆ. ಸಿಮೆಂಟ್ ಹೊಡೆದರೆ ಆ ದಾರಿ ಮುಚ್ಚಿತು. ನೀರು ಸುಮ್ನೆ ಕೂರೋದಿಲ್ಲ, ಸಿಮೆಂಟ್ ಮುಗಿಯುವ ಎತ್ತರದವರೆಗೆ ಏರಿ ಅಲ್ಲಿ ಹೊರಬೀಳುತ್ತೆ. ಜೊತೆಗೆ ಉಪ್ಪನ್ನೂ ತರುತ್ತೆ. ಗೋಡೆಯ ಮೇಲೆ ಬಿಳಿ ಹಿಟ್ಟಿನ ಹಾಗೆ ಕಾಣುತ್ತಲ್ಲ, ಅದೇ ಆ ಉಪ್ಪು. ಅದು ಇಟ್ಟಿಗೆಯನ್ನು ಒಳಗಿಂದ ಪುಡಿ ಮಾಡುತ್ತೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಗೋಡೆಯ ಹೊರಗೆ ನೆಲಕ್ಕೆ ಕಾಂಕ್ರೀಟ್ ಹಾಕಿಸಿದ್ದೀರಾ? ಬಚ್ಚಲ ಪೈಪು ಸೋರುತ್ತಿದೆಯಾ? ರಸ್ತೆ ಎತ್ತರ ಮಾಡಿದ ಮೇಲೆ ಚರಂಡಿ ನೀರು ಮನೆ ಕಡೆಗೇ ಹರಿಯುತ್ತಿದೆಯಾ? ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳ ತೇವಕ್ಕೆ ಈ ಏರಿಸಿದ ರಸ್ತೆಯೇ ಕಾರಣ. ಅದು ಸರಿಯಾದ ಮೇಲೆ ಉದುರುತ್ತಿರುವ ಗಾರೆಯನ್ನಷ್ಟೇ ಕೆರೆದು, ಒಂದು ಬೇಸಿಗೆ ಗೋಡೆ ಆರಲು ಬಿಡಿ. ಗಟ್ಟಿ ಇರುವ ಗಾರೆಯನ್ನು ಮುಟ್ಟಬೇಡಿ. ಉಗುರಿನಿಂದ ಗೀರಿ ನೋಡಿ, ಪುಡಿ ಬರದಿದ್ದರೆ ಅದು ಇನ್ನೂ ನಿಮಗಿಂತ ಜಾಸ್ತಿ ದಿನ ಬಾಳುತ್ತೆ.

ಆಮೇಲೆ ಚೆನ್ನಾಗಿ ಅರಳಿ ಹದವಾದ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾರೆ ಮಾಡಿಸಿ. ಹಿಂದೆ ಎತ್ತು ಕಟ್ಟಿ ಕಲ್ಲಿನ ಗಾಣದಲ್ಲಿ ಗಾರೆ ಅರೆಯುತ್ತಿದ್ದರು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಅದಕ್ಕೆ ಹಾಕುತ್ತಿದ್ದರು. ಈ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿಗಳು ಮೈಸೂರು ಕಡೆ ಇನ್ನೂ ಇದ್ದಾರೆ. ಹುಡುಕಿ, ಅವರ ಜೊತೆಗೆ ನಿಮ್ಮ ಮೇಸ್ತ್ರಿಯನ್ನೂ ನಿಲ್ಲಿಸಿ ಕಲಿಸಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವನ್ನೇ ಬಳಿಯಿರಿ. ಸುಣ್ಣ ಕಲೆಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಕೆಲಸ ಶುರು ಮಾಡುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಹಳೇ ಗಾರೆಯ ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿ, ಯಾವ ಗೋಡೆಯದು, ಯಾವತ್ತು ತೆಗೆದದ್ದು ಅಂತ ಚೀಟಿ ಬರೆದಿಡಿ. ಮುಂದೆ ರಿಪೇರಿ ಮಾಡುವವರಿಗೆ ಅದೇ ಅಳತೆಗೋಲು.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಕಾಲೇಜಿನಿಂದ ಹೋಗಿದ್ದೆವು. ಜಗಲಿಗೆಲ್ಲ ಪರದೆ ಇಳಿಬಿಟ್ಟು ಒಳಗೆ ಕತ್ತಲೆ ಮಾಡಿದ್ದರು. ಚಿತ್ರ ಸರಿಯಾಗಿ ಕಾಣಲೇ ಇಲ್ಲ. ದುಡ್ಡು ಕೊಟ್ಟು ಹೋಗಿ ಕತ್ತಲೆ ನೋಡಿಕೊಂಡು ಬರಬೇಕಾ?
(ಮಂಡ್ಯದ ವಿದ್ಯಾರ್ಥಿನಿ)

ನಿನ್ನ ಬೇಜಾರು ಅರ್ಥವಾಗುತ್ತಮ್ಮ. ಆದರೆ ಆ ಪರದೆ ಇಲ್ಲದಿದ್ದರೆ ನಿನ್ನ ಮಗಳ ಕಾಲಕ್ಕೆ ಅಲ್ಲಿ ನೋಡಲು ಬರೀ ಗೋಡೆ ಉಳಿಯುತ್ತೆ. ಬಿಸಿಲು ಬಣ್ಣವನ್ನು ತಿನ್ನುತ್ತೆ. ಇವತ್ತು ತಿಂದದ್ದು ನಾಳೆ ವಾಪಸ್ ಬರೋದಿಲ್ಲ, ದಿನ ದಿನ ಸೇರುತ್ತಾ ಹೋಗುತ್ತೆ.

ಆ ಚಿತ್ರಗಳು ಎಷ್ಟು ಸಲ ಸತ್ತು ಬದುಕಿವೆ ಗೊತ್ತಾ? ಟಿಪ್ಪು ಈ ಬೇಸಿಗೆ ಅರಮನೆ ಕಟ್ಟಿಸಿದ್ದು 1784ರಲ್ಲಿ. ಪಶ್ಚಿಮದ ಗೋಡೆಯಲ್ಲಿರುವ ಪೊಲ್ಲಿಲೂರು ಯುದ್ಧ ನಡೆದದ್ದು 1780ರ ಸೆಪ್ಟೆಂಬರ್‌ನಲ್ಲಿ. ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷರ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಯುದ್ಧ ಅದು. 1799ರಲ್ಲಿ ಕೋಟೆ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸ ಮಾಡಿದ, ಹಾಳಾಗಿದ್ದ ಚಿತ್ರಗಳನ್ನು ಸರಿಮಾಡಿಸಿದ. ಆಮೇಲೆ ಮತ್ತೆ ಮಾಸಿದವು. ಹತ್ತೊಂಬತ್ತನೇ ಶತಮಾನದ ನಡುವೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿ ಅವುಗಳನ್ನು ಮತ್ತೆ ಬರೆಸಿದ. ತಮ್ಮವರು ಸೋತ ಯುದ್ಧದ ಚಿತ್ರವನ್ನು ಗೆದ್ದವರೇ ಎರಡು ಸಲ ಉಳಿಸಿದರು ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಮುಂದಿನ ಸಲ ಹೋದಾಗ ಒಳಗೆ ಕಾಲಿಟ್ಟ ಕೂಡಲೇ ನೋಡಬೇಡ. ಐದು ನಿಮಿಷ ಸುಮ್ನೆ ನಿಲ್ಲು. ಕಣ್ಣು ಹೊಂದಿಕೊಂಡ ಮೇಲೆ ಯುದ್ಧದ ಚಿತ್ರದಲ್ಲಿ ಕೆಂಪು ಅಂಗಿಯ ಸಿಪಾಯಿಗಳು ಚೌಕವಾಗಿ ನಿಂತಿರೋದನ್ನು ಹುಡುಕು. ಆ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಕೂತಿದ್ದಾನೆ, ಕೈ ಬಾಯಿಯ ಹತ್ತಿರ ಇದೆ. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಆಮೇಲೆ ಆನೆಯ ಮೇಲಿನ ಟಿಪ್ಪುವನ್ನು ನೋಡು. ಅಷ್ಟೆಲ್ಲ ಗದ್ದಲದ ನಡುವೆ ಅವನು ಕೈಯಲ್ಲಿ ಹೂವು ಹಿಡಿದು ಮೂಸುತ್ತಿದ್ದಾನೆ. ಅದನ್ನು ಬರೆದ ಕಲಾವಿದನ ಹೆಸರು ನಮ್ಮ ಕೈಗೆ ಬಂದಿಲ್ಲ. ಆದರೆ ಆ ಹೂವಿನ ಹತ್ತಿರ ಅವನ ಕೈ ನಿಧಾನವಾಗಿ ಓಡಾಡಿದೆ, ಅದು ಕಾಣುತ್ತೆ.

ಪರದೆ ಬೇಕೇ ಬೇಕು. ಆದರೆ ಅದು ಯಾಕಿದೆ ಅಂತ ಹೇಳುವ ನಾಲ್ಕು ಸಾಲು ಕನ್ನಡದಲ್ಲಿ ಬಾಗಿಲ ಹತ್ತಿರವೇ ದೊಡ್ಡ ಅಕ್ಷರದಲ್ಲಿ ಕಾಣಿಸಬೇಕು. ಓದಿಕೊಂಡು ಒಳಗೆ ಹೋದವರಿಗೆ ಕತ್ತಲೆ ಮೋಸ ಅನ್ನಿಸೋದಿಲ್ಲ.

ಪ್ರಶ್ನೆ: ಅಜ್ಜಿಯ ಕಾಲದ ತಾಮ್ರದ ತಟ್ಟೆಯ ಮೇಲೆ ಏನೋ ಅಕ್ಷರ ಕೆತ್ತಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಓದಲು ಬರುತ್ತಾ?
(ಮೇಲುಕೋಟೆಯ ಓದುಗರು)

ತಿಕ್ಕಬೇಡಿ. ಹುಣಸೆಯ ಹುಳಿ ತಾಮ್ರವನ್ನೇ ಸ್ವಲ್ಪ ಸ್ವಲ್ಪ ಕರಗಿಸುತ್ತೆ, ಕೆತ್ತಿದ ಅಂಚು ಮೊಂಡಾಗುತ್ತೆ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ, ಅಷ್ಟು ಸಾಕು. ರಾತ್ರಿ ದೀಪ ಆರಿಸಿ ಟಾರ್ಚನ್ನು ತಟ್ಟೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಅಕ್ಷರ ತಾನಾಗಿ ಎದ್ದು ಬರುತ್ತೆ. ಆಗ ಫೋಟೊ ತೆಗೆಯಿರಿ. ದಿನಾ ಪೂಜೆಗೆ ಬಳಸುವ ಚೊಂಬು, ತಟ್ಟೆ ಬೇರೆ ಮಾತು, ಅವನ್ನು ಎಂದಿನ ಹಾಗೆ ತೊಳೆದುಕೊಳ್ಳಿ.

ಪ್ರಶ್ನೆ: ಟ್ರ್ಯಾಕ್ಟರ್‌ನಲ್ಲಿ ಉಳುವಾಗ ಕೆತ್ತನೆ ಇರುವ ಒಂದು ಕಲ್ಲು ಮೇಲೆ ಬಂತು. ಕತ್ತಿ ಹಿಡಿದ ವೀರ ಇದ್ದಾನೆ, ಕೆಳಗೆ ನಾಲ್ಕು ಸಾಲು ಬರಹ ಇದೆ. ತಿಳಿಸಿದರೆ ಹೊಲ ಹೋಗುತ್ತೆ, ಸುಮ್ನೆ ಕೆರೆಗೆ ಹಾಕಿಬಿಡು ಅಂತಾರೆ ಊರಿನವರು.
(ಪಾಂಡವಪುರ ತಾಲ್ಲೂಕಿನ ರೈತರು)

ಅಣ್ಣಾ, ಬರೆದು ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಎಷ್ಟೋ ಕಲ್ಲು ಹೀಗೆ ಕೇಳದೇ ಕೆರೆ ಸೇರಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ.

ಒಂದು ವೀರಗಲ್ಲು ಸಿಕ್ಕಿತು ಅಂತ ನಿಮ್ಮ ಹೊಲ ಸರ್ಕಾರದ್ದಾಗಿಬಿಡೋದಿಲ್ಲ. ನೆಲದಡಿ ಸಿಕ್ಕ ಬೆಲೆಯುಳ್ಳ ಹಳೇ ವಸ್ತುವಿನ ಬಗ್ಗೆ ಆಡಳಿತಕ್ಕೆ ತಿಳಿಸಬೇಕು ಅಂತ ಕಾನೂನು ಇದೆ. ಕರ್ನಾಟಕ ನಿಧಿ ಕಾಯ್ದೆ, 1962 ಅಂತ ಅದರ ಹೆಸರು. ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಕೊಡಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ. ಇನ್ನೊಂದು ಪ್ರತಿ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಹೋಗಲಿ. ಮುಚ್ಚಿಟ್ಟರೆ ಕಷ್ಟ, ತಿಳಿಸಿದರೆ ನಿಮಗೆ ಗೌರವವೇ.

ಅದಕ್ಕೂ ಮೊದಲು, ಕಲ್ಲು ಎಲ್ಲಿ ಸಿಕ್ಕಿತೋ ಆ ಜಾಗಕ್ಕೆ ಒಂದು ಗೂಟ ಹೊಡೆಯಿರಿ. ಕಲ್ಲಿನ ಮುಖ ಯಾವ ದಿಕ್ಕಿಗಿತ್ತು, ನಿಂತಿತ್ತಾ ಮಲಗಿತ್ತಾ, ಎಷ್ಟು ಆಳದಲ್ಲಿತ್ತು, ಇವತ್ತೇ ಬರೆದಿಡಿ. ಆ ಹೊಲಕ್ಕೆ ಊರಲ್ಲಿ ಏನು ಹೆಸರಿದೆ ಅದನ್ನೂ ಬರೆಯಿರಿ. ಹೊಲದ ಹೆಸರಲ್ಲಿ ಎಷ್ಟೋ ಸಲ ಹಳೇ ಊರಿನ ಹೆಸರು ಉಳಿದಿರುತ್ತೆ. ಬರಹಕ್ಕೆ ಸೀಮೆಸುಣ್ಣ, ಎಣ್ಣೆ, ಬಣ್ಣ ಏನೂ ಹಚ್ಚಬೇಡಿ. ಮಣ್ಣನ್ನು ಬರೀ ನೀರು ಮತ್ತು ಮೆತ್ತನೆ ನಾರಿನಿಂದ ತೆಗೆಯಿರಿ. ಸಂಜೆ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ.

ಜಾಗದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಸಂಗ್ರಹಾಲಯದ ಉಗ್ರಾಣಕ್ಕೆ ಸುಣ್ಣ ಬಳಿದರು. ಕಲ್ಲುಗಳಿಗೆ ಅಂಟಿಸಿದ್ದ ಕಾಗದದ ಚೀಟಿಗಳು ಒದ್ದೆಯಾಗಿ ಉದುರಿದವು. ಯಾರೋ ಗುಡಿಸಿ ಹೊರಗೆ ಹಾಕಿದರು. ರಿಜಿಸ್ಟರಿನಲ್ಲಿ ‘ವೀರಗಲ್ಲು, ಒಂದು’ ಅಂತ ಬಿಟ್ಟರೆ ಬೇರೆ ಗುರುತಿಲ್ಲ. ಹನ್ನೊಂದು ಕಲ್ಲು ಒಂದೇ ದಿನದಲ್ಲಿ ಊರಿಲ್ಲದವಾದವು. ಅದರಲ್ಲಿ ಒಂದರಲ್ಲಿ ದನಗಳ ಹಿಂಡಿನ ಮುಂದೆ ನಿಂತು ಬಾಣ ಬಿಡುವ ಹುಡುಗ ಇದ್ದ. ಅವನ ತಲೆಯ ಹತ್ತಿರ ಒಂದು ಕರು ತಿರುಗಿ ನೋಡುತ್ತಿತ್ತು. ಯಾವ ಊರ ದನ ಕಾಯಲು ಅವನು ಸತ್ತ ಅಂತ ಹೇಳಲು ಇನ್ನು ಯಾರಿಂದಲೂ ಆಗೋದಿಲ್ಲ. ನಾನು ಅವತ್ತು ಹೊಸಬಳು, ಮಾತಾಡಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸನ್ನು ಚುಚ್ಚುತ್ತೆ.

ಅದಕ್ಕೆ ವಿರುದ್ಧವಾದದ್ದೂ ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಹತ್ತನೇ ಶತಮಾನದ ನಡುವಿನದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಬಿಟ್ಟು ಹೋದರೂ ಅದರ ಊರು ಯಾವುದು ಅಂತ ಎಲ್ಲರಿಗೂ ಗೊತ್ತು, ಯಾಕೆಂದರೆ ಬರೆದಿಟ್ಟಿದ್ದರು.

ನಿಮ್ಮ ಕಲ್ಲು ಊರಲ್ಲೇ ಉಳಿಯಲಿ ಅಂತ ಆಸೆ ಇದ್ದರೆ ಅರ್ಜಿಯಲ್ಲೇ ಬರೆಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು. ಜನರೇ ಮುಂದೆ ನಿಂತು ಅಲ್ಲೇ ಅದಕ್ಕೆ ಮಂಟಪ ಆಗುವ ಹಾಗೆ ಮಾಡಿದರು. ನಿಮ್ಮೂರಿನ ಅರಳಿಕಟ್ಟೆಯ ಪಕ್ಕ ಅಷ್ಟು ಜಾಗ ಇದ್ದೇ ಇರುತ್ತೆ ಅಲ್ವಾ?

ಪ್ರಶ್ನೆ: ಸ್ಮಾರಕದಿಂದ ನೂರು ಮೀಟರ್ ಒಳಗೆ ನಮ್ಮ ಮನೆ. ಮಳೆಗೆ ಮಾಡು ಸೋರುತ್ತಿದೆ. ಮುಟ್ಟಿದರೆ ನೋಟಿಸು ಬರುತ್ತೆ ಅನ್ನೋ ಭಯ. ಕಲ್ಲಿಗೆ ಇರುವ ಬೆಲೆ ಮನುಷ್ಯರಿಗಿಲ್ಲವೇ?
(ಶ್ರೀರಂಗಪಟ್ಟಣ ಕೋಟೆಯ ನಿವಾಸಿ)

ನೀವು ನಮ್ಮ ನೆರೆಯವರೇ. ನಿಮ್ಮ ಸಿಟ್ಟಿಗೆ ಕಾರಣ ಇದೆ. ನಾವು ಈ ಕೋಟೆಯೊಳಗೆ ಬಾಳುತ್ತಾ ಬಂದವರು, ನಮ್ಮನ್ನು ಅಡ್ಡಿ ಅಂತ ನೋಡಬಾರದು.

ಆದರೆ ರಿಪೇರಿಯೇ ಮಾಡಬಾರದು ಅನ್ನೋದು ತಪ್ಪು ತಿಳಿವಳಿಕೆ. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕಗಳ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ರಕ್ಷಣೆಗಿರುವ 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಇದನ್ನು ಬಿಗಿ ಮಾಡಿತು. ನೂರು ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಹಳೇ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ಮನೆಯ ನಾಲ್ಕೂ ಕಡೆಯ ಫೋಟೊ, ಏನು ಕೆಲಸ ಅಂತ ತೋರಿಸುವ ಒಂದು ನಕ್ಷೆ, ಇಷ್ಟು ಜೋಡಿಸಿ, ಇಂಥ ಅನುಮತಿಯ ಅರ್ಜಿ ನೋಡುವ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಳೆಗಾಲ ಬರುವವರೆಗೆ ಕಾಯಬೇಡಿ, ದೀಪಾವಳಿ ಮುಗಿದ ಕೂಡಲೇ ಶುರು ಮಾಡಿ.

ಈ ಅರ್ಜಿ ತುಂಬಲು ಊರಲ್ಲೇ ವಾರಕ್ಕೊಂದು ದಿನ ಸಹಾಯಕ್ಕೆ ಒಬ್ಬರು ಕೂತರೆ ಅರ್ಧ ಜಗಳ ತೀರುತ್ತೆ. ಇದನ್ನು ನಾನು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ.

ಪ್ರಶ್ನೆ: ಅಟ್ಟದಲ್ಲಿ ಒಂದು ಕಟ್ಟು ತಾಳೆಗರಿ ಸಿಕ್ಕಿದೆ. ಕೆಲವು ಗರಿ ಒಂದಕ್ಕೊಂದು ಅಂಟಿಕೊಂಡಿವೆ. ಲ್ಯಾಮಿನೇಷನ್ ಮಾಡಿಸಬಹುದಾ?
(ನಂಜನಗೂಡಿನ ಓದುಗರು)

ಬೇಡವೇ ಬೇಡ. ಲ್ಯಾಮಿನೇಷನ್ ಬಿಸಿಗೆ ಗರಿ ಸುರುಟುತ್ತೆ, ಪ್ಲಾಸ್ಟಿಕ್ಕಿನಿಂದ ಮತ್ತೆ ಬಿಡಿಸಲು ಆಗೋದಿಲ್ಲ. ಅಂಟಿದ ಗರಿಗಳನ್ನು ಚಾಕು ಹಾಕಿ ಬಿಡಿಸಬೇಡಿ. ಬಿಸಿಲಿಗೂ ಇಡಬೇಡಿ. ಯಾವ ಗರಿಯ ಮೇಲೆ ಯಾವುದು ಇತ್ತೋ ಆ ಕ್ರಮ ತಪ್ಪದ ಹಾಗೆ, ಎರಡು ಮರದ ಹಲಗೆಗಳ ನಡುವೆ ಇಟ್ಟು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪಕ್ಕದಲ್ಲಿ ಸಣ್ಣ ಗಂಟಿನಲ್ಲಿ ಬಜೆ ಇಡಿ, ಹುಳು ದೂರ ಇರುತ್ತೆ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ.

ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. 1891ರಲ್ಲಿ ಶುರುವಾದ ಸಂಸ್ಥೆ ಅದು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿಯ ತಾಳೆಗರಿಯಲ್ಲೇ. 1909ರಲ್ಲಿ ಅಚ್ಚಾಯಿತು. ಅಷ್ಟು ದೊಡ್ಡ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಿಂದ. ಅವರನ್ನು ಇವತ್ತಿಗೂ ‘ತಂಜಾವೂರಿನ ಪಂಡಿತರು’ ಅಂತಲೇ ಕರೆಯುತ್ತಾರೆ. ನಿಮ್ಮ ಕಟ್ಟಿನ ಜೊತೆ ನಿಮ್ಮ ಮನೆತನದ ಹೆಸರು, ಅಟ್ಟ ಯಾವ ಮನೆಯದು, ಹಿಂದೆ ಆ ಮನೆಯಲ್ಲಿ ಪಾಠ ಹೇಳುತ್ತಿದ್ದವರು ಯಾರು, ಎಲ್ಲ ಬರೆದು ಕೊಡಿ.

ಇನ್ನೊಂದು ಮಾತು. ಎಪ್ಪತ್ತೈದು ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಯಾರಾದರೂ ಒಳ್ಳೆ ಬೆಲೆ ಕೊಡುತ್ತೇನೆ, ಹೊರದೇಶಕ್ಕೆ ಬೇಕು ಅಂತ ಬಂದರೆ ಬಾಗಿಲು ಹಾಕಿಕೊಳ್ಳಿ.

ಪ್ರಶ್ನೆ: ರೈಲು ಹಳಿಗಾಗಿ ಟಿಪ್ಪು ಕಾಲದ ಸಿಡಿಮದ್ದಿನ ಮನೆಯನ್ನು ಸರಿಸಿದ್ದು ಸರಿಯೇ?
(ಬೆಂಗಳೂರಿನ ಓದುಗರು)

ಒಡೆದುಹಾಕುವುದಕ್ಕಿಂತ ಖಂಡಿತ ಒಳ್ಳೇದು. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಕಟ್ಟಡವನ್ನು ಜಾಕ್ ಹಾಕಿ ಎತ್ತಿ, ಇಡಿಯಾಗಿ ಬೇರೆ ಜಾಗಕ್ಕೆ ತಳ್ಳಿದರು. ಊರೇ ನಿಂತು ನೋಡಿತು. ಆದರೆ ಮದ್ದಿನ ಮನೆಯನ್ನು ಕಟ್ಟಿದವರು ಅದನ್ನು ನೆಲಕ್ಕೆ ಇಳಿಸಿ ಕಟ್ಟಿದ್ದರು. ಮದ್ದು ತಣ್ಣಗೆ, ಕಿಡಿಗೆ ಸಿಗದ ಹಾಗೆ ಇರಲಿ ಅಂತ. ಜಾಗ ಬದಲಾದಾಗ ಆ ಲೆಕ್ಕಾಚಾರದ ಒಂದು ಪಾಲು ಹೋಯಿತು. ಹಾಗಾಗಿ ಮೊದಲು ಎಲ್ಲಿತ್ತು, ಯಾಕೆ ಸರಿಸಿದರು ಅಂತ ಹೇಳುವ ಫಲಕ ಎರಡೂ ಜಾಗದಲ್ಲಿ ಇರಬೇಕು.

ಪ್ರಶ್ನೆ: ಲಂಡನ್ನಿನಲ್ಲಿ ಟಿಪ್ಪುವಿನ ಹುಲಿ ನೋಡಿದೆ. ಕಣ್ಣಲ್ಲಿ ನೀರು ಬಂತು. ಅದು ಶ್ರೀರಂಗಪಟ್ಟಣಕ್ಕೆ ವಾಪಸ್ ಬರಬೇಡವೇ?
(ಇಂಗ್ಲೆಂಡಿನಲ್ಲಿರುವ ಕನ್ನಡಿಗರು)

ಬರಬೇಕು ಅಂತಲೇ ನನ್ನ ಆಸೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯಾಗಿ ಹೋದ ವಸ್ತುಗಳಲ್ಲಿ ಅದೂ ಒಂದು. ಮರದ ಹುಲಿ, ಅದರ ಕೆಳಗೆ ಬಿದ್ದ ಯುರೋಪಿಯನ್ ಮನುಷ್ಯ, ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತೆ, ನರಳುವ ಸದ್ದು ಬರುತ್ತೆ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಮಾಡು ಕುಸಿದಾಗ ಚೂರಾಗಿತ್ತು, ಅವರು ಕೂಡಿಸಿದರು. ಅಷ್ಟು ಕೆಲಸಕ್ಕೆ ನಾನು ಗೌರವ ಕೊಡುತ್ತೇನೆ. ಆದರೂ ಅದರ ಮನೆ ಇಲ್ಲಿ.

ಇಲ್ಲಿ ಆ ಹುಲಿ ಇದ್ದ ಅರಮನೆಯೇ ಇಲ್ಲ. ಲಾಲ್ ಮಹಲನ್ನು ಕೆಡವಿದರು, ಈಗ ದೇವಸ್ಥಾನದ ಹತ್ತಿರ ಅಡಿಪಾಯದ ಸಾಲು ಮಾತ್ರ ಕಾಣುತ್ತೆ. ನೀವು ಮುಂದಿನ ಸಲ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಬಂದು ಆ ಅಡಿಪಾಯದ ಮೇಲೆ ನಿಲ್ಲಿಸಿ, ಫೋನಿನಲ್ಲಿ ಹುಲಿಯ ಚಿತ್ರ ತೋರಿಸಿ. ಹುಲಿ ವಾಪಸ್ ಬರುವ ದಿನದವರೆಗೆ ಆ ಎರಡನ್ನೂ ಸೇರಿಸಿ ನೋಡುವವರು ಬೇಕು.

ಪ್ರಶ್ನೆ: ನಾನು ಹಳ್ಳಿ ಶಾಲೆಯ ಮೇಷ್ಟ್ರು. ಮಕ್ಕಳು ಮನೆಯಿಂದ ಸೇರು, ಪಾವು, ಬೀಸುಕಲ್ಲು, ಕೂರಿಗೆ ಎಲ್ಲ ತಂದು ಒಂದು ಕೋಣೆ ತುಂಬಿಸಿದ್ದಾರೆ. ಇದನ್ನು ಸಣ್ಣ ಸಂಗ್ರಹಾಲಯ ಮಾಡಬೇಕು. ಗಾಜಿನ ಬೀರುವಿಗೆ ದಾನಿಗಳನ್ನು ಹುಡುಕಲಾ?
(ಮಂಡ್ಯ ಜಿಲ್ಲೆಯ ಶಿಕ್ಷಕರು)

ಮೇಷ್ಟ್ರೇ, ಬೀರು ಆಮೇಲೆ ತಂದರಾಯಿತು. ಅಂಗಡಿಗೆ ಹೋಗಿ ಗಟ್ಟಿ ರಟ್ಟಿನ ಒಂದು ಲೆಡ್ಜರ್ ತನ್ನಿ. ಸಂಗ್ರಹಾಲಯ ಶುರುವಾಗೋದು ಆ ಪುಸ್ತಕದಿಂದ.

ಪ್ರತಿ ವಸ್ತುವಿಗೆ ಒಂದು ಕ್ರಮಸಂಖ್ಯೆ ಕೊಡಿ. ಊರಲ್ಲಿ ಅದನ್ನು ಏನಂತಾರೆ, ಕೊಟ್ಟವರು ಯಾರು, ಅವರ ಮನೆಯಲ್ಲಿ ಎಲ್ಲಿತ್ತು, ಕೊನೆಗೆ ಯಾವಾಗ ಬಳಸಿದರು, ಎಷ್ಟು ಉದ್ದ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲ ಬರೆಯಿಸಿ. ದಾನವೋ, ಬರೀ ನೋಡಲು ಕೊಟ್ಟದ್ದೋ ಅಂತಲೂ ಬರೆದು ಸಹಿ ಹಾಕಿಸಿ. ಇದೊಂದು ಬಿಟ್ಟರೆ ಹತ್ತು ವರ್ಷದ ಮೇಲೆ ಮನೆ ಮನೆಯ ನಡುವೆ ಮನಸ್ತಾಪ ಬರುತ್ತೆ. ಲೆಡ್ಜರಿನ ಜೆರಾಕ್ಸ್ ಪ್ರತಿ ಬೇರೆ ಕಡೆ ಇರಲಿ.

ಸಂಖ್ಯೆಯನ್ನು ಚೀಟಿಯಲ್ಲಿ ಅಂಟಿಸಬೇಡಿ, ನನ್ನ ಹನ್ನೊಂದು ಕಲ್ಲಿನ ಕತೆ ಮೇಲೆ ಓದಿದಿರಲ್ಲ. ಕಲ್ಲು, ಲೋಹ, ಮರಕ್ಕೆ ಕಾಣದ ಮೂಲೆಯಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್‌ನ ಒಂದು ಸಣ್ಣ ಪಟ್ಟಿ ಹಚ್ಚಿ. ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು ಮೇಲೆ ಇನ್ನೊಂದು ಪದರ ಹಚ್ಚಿ. ಸೀರೆ, ಕಂಬಳಿಗೆ ಬಿಳಿ ಪಟ್ಟಿಯ ಮೇಲೆ ಬರೆದು ಎರಡು ಹೊಲಿಗೆ ಹಾಕಿ. ಕಾಗದಕ್ಕೆ ಪೆನ್ಸಿಲ್.

ಮರದ ಸಾಮಾನನ್ನು ಗೋಡೆಗೆ ಒರಗಿಸಬೇಡಿ, ಇಟ್ಟಿಗೆ ಮೇಲೆ ಎತ್ತಿಡಿ. ಕೆಳಗೆ ನುಣ್ಣನೆ ಪುಡಿ ಬೀಳುತ್ತಿದ್ದರೆ ಹುಳು ಇದೆ ಅಂತ ಅರ್ಥ, ಆ ಸಾಮಾನನ್ನು ಬೇರೆ ಇಡಿ. ವಾರ್ನಿಷ್ ಬಳಿದು ಹೊಸದು ಮಾಡಬೇಡಿ. ಒನಕೆಯ ನಡುವೆ ಕೈ ಹಿಡಿದು ಹಿಡಿದು ಸವೆದ ಜಾಗ ಇರುತ್ತಲ್ಲ, ಅದೇ ಅದರ ಬೆಲೆ.

ನಮ್ಮ ಜಿಲ್ಲೆಯಲ್ಲಿ ಆಲೆಮನೆ ಸಾಮಾನು ಇಲ್ಲದ ಸಂಗ್ರಹ ಇರಬಾರದು ಅಂತ ನನ್ನ ಹಟ. ಹೋದ ವರ್ಷ ಒಂದು ಶಾಲೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಹುಡುಗ ಬೆಲ್ಲದ ಅಚ್ಚಿನ ಮರದ ಹಲಗೆ ತಂದಿದ್ದ. ಅದರ ಗುಳಿಗಳು ಕಪ್ಪಗೆ ಹೊಳೆಯುತ್ತಿದ್ದವು. ಒಂದು ಗುಳಿ ಮಾತ್ರ ಉಳಿದವಕ್ಕಿಂತ ಚಿಕ್ಕದು. ಯಾಕೋ ಮಗಾ ಅಂದೆ. ಗೊತ್ತಿಲ್ಲ ಅಂದ. ಅಜ್ಜಿಯನ್ನು ಕೇಳಿಕೊಂಡು ಬಾ ಅಂದೆ. ಮಾರನೇ ದಿನ ಲೆಡ್ಜರಿನಲ್ಲಿ ಅವನೇ ಬರೆದಿದ್ದ: ‘ಚಿಕ್ಕ ಗುಳಿ ಮನೆ ಮಕ್ಕಳಿಗೆ. ಆಲೆ ಆಡುವಾಗ ದಿನದ ಮೊದಲ ಅಚ್ಚು ಅದರಲ್ಲಿ ಹಾಕಿ ಮಕ್ಕಳ ಕೈಗೆ ಕೊಡುತ್ತಿದ್ದರು. ಹೇಳಿದವರು ನಮ್ಮಜ್ಜಿ.’ ಕೆಳಗೆ ಅಜ್ಜಿಯ ಹೆಬ್ಬೆಟ್ಟಿನ ಗುರುತು ಇತ್ತು.

ನಿಮ್ಮ ಲೆಡ್ಜರಿನ ಮೊದಲ ಪುಟ ತುಂಬಿದ ಮೇಲೆ ಒಂದು ಫೋಟೊ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆ ಬರೆಯುತ್ತೇನೆ.